ಹಳೇ ಜಾವಾದ ಚಾಸಿ ಸುಲಿದು ನೋಡಿದಾಗ

ಹಳೇ ಜಾವಾ, ಯೆಜ್ಡಿ ಕೊಂಡು ನನ್ನ ಶೆಡ್ಡಿಗೆ ತರುವ ಹುಡುಗರು ಮೊದಲು ಕೇಳುವುದು ಒಂದೇ ಮಾತು: ‘ಅಣ್ಣಾ, ಯಾವ ಬಣ್ಣ ಹೊಡೆಸೋಣ?’ ಬಣ್ಣ ಆಮೇಲಾಯಿತು, ಮೊದಲು ಎಂಜಿನ್ ಇಳಿಸಿ, ವೈರಿಂಗ್ ಬಿಚ್ಚಿ, ಬರೀ ಚಾಸಿ ನಿಲ್ಲಿಸಿ ಅನ್ನುತ್ತೇನೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಗಾಡಿಗಳಿವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ತೀರಾ ಕೊನೆಗೆ ಬಂದ ಗಾಡಿಯೂ ಅಷ್ಟು ವರ್ಷಗಳ ಮಳೆ ಕಂಡಿದೆ. ಎಂಜಿನ್ನಿನ ಬಿಡಿಭಾಗ ಹುಡುಕಿದರೆ ಸಿಗುತ್ತವೆ. ಚಾಸಿ ಹೋದರೆ ಗಾಡಿಯೇ ಹೋಯಿತು. ಆರ್‌ಸಿಯಲ್ಲಿರುವ ನಂಬರು ಕೂತಿರುವುದೂ ಅದರ ಮೇಲೆಯೇ.

ಕಬ್ಬಿಣಕ್ಕೆ ನೀರೂ ಗಾಳಿಯ ಆಮ್ಲಜನಕವೂ ಒಟ್ಟಿಗೆ ತಗುಲಿದರೆ ತುಕ್ಕು. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಬಣ್ಣವನ್ನು ಕೆಳಗಿನಿಂದಲೇ ಎಬ್ಬಿಸುತ್ತದೆ. ಬಯಲಿಗೆ ಕೆಂಪಗೆ ಕಾಣುವ ತುಕ್ಕು ಅಷ್ಟೇನೂ ಅಪಾಯದ್ದಲ್ಲ. ಗುಳ್ಳೆ ಎದ್ದ ಬಣ್ಣದಡಿ ಅಡಗಿದ್ದು ಅಪಾಯದ್ದು. ಬ್ಯಾಟರಿ ಪೆಟ್ಟಿಗೆಯ ಕೆಳಗೆ ಆ್ಯಸಿಡ್ ತೊಟ್ಟಿಕ್ಕಿದ ಜಾಗ, ಕೆಸರು ಮೆತ್ತಿಕೊಳ್ಳುವ ಡಬಲ್ ಸ್ಟ್ಯಾಂಡಿನ ಬುಡ, ಪೈಪುಗಳು ಸೇರುವ ಮೂಲೆ, ಇವನ್ನು ಬೆರಳಿನಿಂದಲೇ ಸವರಿ ನೋಡಬೇಕು. ಆಮೇಲೆ ಸಣ್ಣ ಸ್ಪ್ಯಾನರ್ ಹಿಡಿದು ಪೈಪಿನುದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಪೈಪು ಠಣ್ ಅನ್ನುತ್ತದೆ. ಸದ್ದು ಮಂಕಾದ ಕಡೆ ಒಳಗೆ ಮಣ್ಣು ತುಂಬಿರಬಹುದು, ಇಲ್ಲವೇ ಪೈಪು ತೆಳುವಾಗಿರಬಹುದು. ಚೂಪು ಕಡ್ಡಿಯಿಂದ ಅಲ್ಲಿ ಒತ್ತಿ. ಕಡ್ಡಿ ಒಳಗಿಳಿದರೆ ಆ ಭಾಗ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಲೇಬೇಕು. ಪುಟ್ಟಿ ಮೆತ್ತಿ ಮುಚ್ಚಿಕೊಡುವವರಿದ್ದಾರೆ. ಆ ಗಾಡಿಯ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ನೀವು, ಅದನ್ನು ಒಪ್ಪಬೇಡಿ.

ಹಳೇ ಬಣ್ಣ ತೆಗೆಯುವ ಮುಂಚೆ ಜಿಡ್ಡನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಪೇಂಟ್ ರಿಮೂವರ್ ಹಚ್ಚುವುದಾದರೆ ಬಯಲಲ್ಲಿ, ಕೈಗವಸು ಹಾಕಿಕೊಂಡು. ಅದರ ಆವಿ ಒಳ್ಳೆಯದಲ್ಲ. ಬ್ಲಾಸ್ಟಿಂಗ್ ಮಾಡಿಸಿದರೆ ಮೂಲೆಮೂಲೆಯೂ ಬೆಳ್ಳಗಾಗುತ್ತದೆ. ಆದರೆ ಬರೀ ನದಿ ಮರಳು ಊದುವ ಕಡೆ ಕೊಡಬೇಡಿ. ಆ ದೂಳು ಶ್ವಾಸಕೋಶಕ್ಕಿಳಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಕೆಲಸದ ಹುಡುಗನ ಎದೆ ಕೆಡಿಸಿ ನಮ್ಮ ಗಾಡಿ ಮಿಂಚಬೇಕಾಗಿಲ್ಲ. ಸ್ಟೀಲ್ ಗ್ರಿಟ್ ಅಥವಾ ಗಾರ್ನೆಟ್ ಬಳಸುವ ಕಡೆಗೇ ಹೋಗಿ. ಹ್ಯಾಂಡಲ್ ಬೇರಿಂಗಿನ ಬಟ್ಟಲು, ಬೋಲ್ಟಿನ ಥ್ರೆಡ್ಡು ಮೊದಲೇ ಮುಚ್ಚಿರಬೇಕು.

ಚಾಸಿ ನಂಬರಿಗೆ ಗ್ರೈಂಡರ್ ತಾಗಿಸಲೇಬಾರದು, ಬ್ಲಾಸ್ಟಿಂಗೂ ಬೇಡ. ಅಲ್ಲಿ ರಿಮೂವರ್ ಹಚ್ಚಿ ಕೈಯಲ್ಲೇ ಮೆಲ್ಲಗೆ ಉಜ್ಜಿ. ಕೊನೆಯಲ್ಲಿ ಬಣ್ಣವೂ ತೆಳ್ಳಗಿರಲಿ, ಅಕ್ಷರ ಓದಲು ಬರಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ನಂಬರು ಅಳಿಸಿಹೋದ ಚಾಸಿ ಇಟ್ಟುಕೊಂಡು ಆರ್‌ಟಿಒ ಮುಂದೆ ನಿಂತು ಏನೆಂದು ಹೇಳುತ್ತೀರಿ?

ಬೆತ್ತಲಾದ ಕಬ್ಬಿಣ ನಮ್ಮ ಮಳೆಗಾಲದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪೂ ಸೇರಿಕೊಳ್ಳುತ್ತದೆ. ಬಿಸಿಲಿರುವ ದಿನ ನೋಡಿಯೇ ಈ ಕೆಲಸ ಹಿಡಿಯಿರಿ, ಅವತ್ತೇ ಪ್ರೈಮರ್ ಹೊಡೆದು ಮುಗಿಸಿ. ಗುಳಿಗಳಲ್ಲಿ ಕಪ್ಪು ತುಕ್ಕು ಉಳಿದಿದ್ದರೆ ಫಾಸ್ಫರಿಕ್ ಆ್ಯಸಿಡ್ ಇರುವ ದ್ರಾವಣ ಹಚ್ಚಿ, ಡಬ್ಬದ ಮೇಲೆ ಬರೆದ ಹಾಗೆ ತೊಳೆದು ಒಣಗಿಸಿ. ಅದು ತುಕ್ಕನ್ನು ಕರಗಿಸಿ ಮೇಲೊಂದು ತೆಳು ಫಾಸ್ಫೇಟ್ ಪದರ ಬಿಡುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಅಗ್ಗ ಎಂದು ಸುರಿಯುವವರುಂಟು. ಅದರ ಕ್ಲೋರೈಡು ಸಂದುಗಳಲ್ಲಿ ಉಳಿದು, ಬಣ್ಣದಡಿಯಲ್ಲೇ ಮತ್ತೆ ತುಕ್ಕು ತರಿಸುತ್ತದೆ.

ಈಗ ಎಲ್ಲರೂ ಪೌಡರ್ ಕೋಟಿಂಗ್ ಅನ್ನುತ್ತಾರೆ. ಒಲೆಯಲ್ಲಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸುವ ಅದು ಗಟ್ಟಿ, ನಿಜ. ಆದರೂ ಹಳೇ ಗಾಡಿಗೆ ನಾನು ಹೇಳುವುದು ಎಪಾಕ್ಸಿ ಪ್ರೈಮರಿನ ಮೇಲೆ ಸ್ಪ್ರೇ ಬಣ್ಣವೇ. ಪೌಡರ್ ಕೋಟಿಂಗಿಗೆ ಒಂದು ಕಲ್ಲು ಬಡಿದು ಬಿರುಕು ಬಿಟ್ಟರೆ ನೀರು ಒಳಗೊಳಗೇ ಹರಿಯುತ್ತದೆ, ಮೇಲೆ ಮಾತ್ರ ಹೊಳೆಯುತ್ತಲೇ ಇರುತ್ತದೆ. ಸ್ಪ್ರೇ ಬಣ್ಣ ಕಿತ್ತ ಕಡೆ ಉಜ್ಜಿ ನೀವೇ ಟಚಪ್ ಮಾಡಬಹುದು. ಹಾಗಾಗಿ ಮಿಕ್ಕ ಬಣ್ಣ ಒಂದು ಸಣ್ಣ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡಿ. ಒಂದೇ ಸಲ ದಪ್ಪಗೆ ಹೊಡೆಸುವುದಕ್ಕಿಂತ ತೆಳ್ಳಗೆ ಹಲವು ಕೋಟು ಕೊಡಿಸುವುದು ಮೇಲು.

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಪೈಪಿನ ತೂತುಗಳಿಂದ ಒಳಕ್ಕೆ ಸ್ವಲ್ಪ ಎಣ್ಣೆ ಬಿಟ್ಟು ಚಾಸಿಯನ್ನು ಎಲ್ಲ ಮಗ್ಗುಲಿಗೂ ಹೊರಳಿಸಿ. ಬ್ರಷ್ಷು ತಲುಪದ ಜಾಗಕ್ಕೆ ಕಾವಲು ಅದೊಂದೇ. ಅರ್ತ್ ವೈರಿನ ಬೋಲ್ಟು ಕೂರುವ ಕಡೆ ಮಾತ್ರ ಹೊಸ ಬಣ್ಣವನ್ನು ಕಬ್ಬಿಣ ಕಾಣುವವರೆಗೆ ಕೆರೆದು, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಸವರಿ. ಬಣ್ಣ ಹೊಡೆಸಿದ ಮೇಲೆ ಲೈಟೇ ಹತ್ತುತ್ತಿಲ್ಲ ಎಂದು ಬರುವ ಗಾಡಿಯಲ್ಲಿ ನಾನು ಮೊದಲು ಬಿಚ್ಚಿ ನೋಡುವುದು ಆ ಬೋಲ್ಟನ್ನೇ.