ವಿದೇಶಕ್ಕೆ ಹೊರಟ ಜೊತೆಗಾರನಿಗೆ ಏನು ಕೊಡಬೇಕು? ನಂಬಿಕೆ ಒಂದು, ನಿಜ ಇನ್ನೊಂದು

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ, ಈ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಇಂಥ ಕಡೆ ಕೈ ಪಳಗಿದ ಫಿಟ್ಟರ್, ವೆಲ್ಡರ್, ಬಾಯ್ಲರ್ ಅಟೆಂಡೆಂಟ್, ಸಕ್ಕರೆ ಪಾಕ ಕುದಿಸುವ ಪ್ಯಾನ್‌ಮನ್‌ಗಳ ಕಸುಬಿಗೆ ಕಡಲಾಚೆಗೂ ಬೆಲೆಯಿದೆ. ಉಗಾಂಡದ ಜಿಂಜಾ ಬಳಿ ಗುಜರಾತಿ ಮೂಲದ ಮಾಧ್ವಾನಿ ಮನೆತನ ಕಟ್ಟಿದ ಕಾಕಿರಾದಂಥ ಕಾರ್ಖಾನೆಗಳು ಪೂರ್ವ ಆಫ್ರಿಕದಲ್ಲಿವೆ. ಕೊಲ್ಲಿ ದೇಶಗಳಲ್ಲಿ ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಸದಾ ಕೆಲಸವಿದೆ. ಹೀಗೆ ಹೊರಟವನಿಗೆ ಶಿಫ್ಟಿನ ಗೆಳೆಯರು ವರ್ಗಣಿ ಹಾಕಿ ಒಂದು ಕಾಣಿಕೆ ಕೊಡುವುದು ನಮ್ಮ ಕಡೆಯ ಒಳ್ಳೆಯ ರೂಢಿ. ಆದರೆ ಆ ಕಾಣಿಕೆಯನ್ನು ಆರಿಸುವಾಗ ನಾವು ನಂಬಿಕೊಂಡಿರುವ ಹಲವು ಸಂಗತಿಗಳು ತಪ್ಪು. ಕಾಣಿಕೆಯ ಯೋಗ್ಯತೆಯನ್ನು ಅದರ ಬೆಲೆಯಿಂದ ಅಳೆಯುತ್ತೇವೆ. ಅದನ್ನು ನಿಜವಾಗಿ ಅಳೆಯುವವು ವಿಮಾನ ನಿಲ್ದಾಣದ ತಕ್ಕಡಿ, ಆ ದೇಶದ ಕಾನೂನು ಮತ್ತು ಅವನು ಅಲ್ಲಿ ಕಳೆಯಲಿರುವ ದಿನಚರಿ.

ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದಲೇ ಶುರು ಮಾಡೋಣ, ಏಕೆಂದರೆ ಈಗ ಎಲ್ಲರ ಮೊದಲ ಆಯ್ಕೆ ಪವರ್ ಬ್ಯಾಂಕ್. ಅದರ ಮೇಲೆ ಬರೆದ ಎಂಎಎಚ್ ಅಂಕಿಯನ್ನು ನೋಡಿ ನಾವು ಕೊಳ್ಳುತ್ತೇವೆ. ವಿಮಾನದವರು ನೋಡುವುದು ವ್ಯಾಟ್-ಅವರ್. 20,000 ಎಂಎಎಚ್‌ನ ಪವರ್ ಬ್ಯಾಂಕನ್ನು 3.7 ವೋಲ್ಟ್‌ನಿಂದ ಲೆಕ್ಕ ಹಾಕಿದರೆ 74 ವ್ಯಾಟ್-ಅವರ್ ಬರುತ್ತದೆ, 30,000ದ್ದಕ್ಕೆ 111. ನೂರರ ಒಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು. ನೂರು ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಪ್ರಯಾಣಿಕರಿಗೆ ಅವಕಾಶವೇ ಇಲ್ಲ. ಅಂದರೆ ಹೆಚ್ಚು ದುಡ್ಡು ಕೊಟ್ಟು ತಂದ ದೊಡ್ಡದೇ ತಡೆಗೆ ಸಿಗುತ್ತದೆ. ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಂತೂ ಯಾವ ಗಾತ್ರದ್ದನ್ನೂ ಇಡುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಸರಕಿನ ಗೂಡಿನಲ್ಲಿ ನೋಡುವವರು ಯಾರೂ ಇರುವುದಿಲ್ಲ. ಅಂಕಿಯೇ ಅಚ್ಚಾಗದ ಅಗ್ಗದ ಮಾಲನ್ನು ಕಿತ್ತಿಟ್ಟುಕೊಳ್ಳುವ ಸಾಧ್ಯತೆ ಹೆಚ್ಚು. 10,000 ಎಂಎಎಚ್‌ನ, ಅಂಕಿ ಸ್ಪಷ್ಟವಾಗಿ ಬರೆದಿರುವ ಒಂದು ಸಾಕು. ಚಾಕು, ಇಕ್ಕಳ, ಸ್ಕ್ರೂಡ್ರೈವರ್ ಒಂದರಲ್ಲೇ ಸೇರಿರುವ ಹತಾರಕ್ಕೆ ಇದರ ತಿರುವುಮುರುವು ನಿಯಮ. ಅದು ಪೆಟ್ಟಿಗೆಯಲ್ಲೇ ಹೋಗಬೇಕು, ಕೈಚೀಲದಲ್ಲಿ ಸಿಕ್ಕರೆ ಅಲ್ಲಿಗೇ ಮುಗಿಯಿತು.

ಪರದೇಶದ ಕರೆಂಟು ಬೇರೆ, ನಮ್ಮ ಚಾರ್ಜರ್ ಸುಟ್ಟುಹೋಗುತ್ತದೆ ಎಂಬುದು ಇನ್ನೊಂದು ಭಯ. ಯುಎಇ, ಕತಾರ್, ಕೆನ್ಯಾ, ಉಗಾಂಡಗಳಲ್ಲಿ ಮನೆಗೆ ಬರುವ ವಿದ್ಯುತ್ತು ನಮ್ಮಂತೆಯೇ 230–240 ವೋಲ್ಟ್, 50 ಹರ್ಟ್ಜ್. ಸೌದಿಯಲ್ಲಿ 60 ಹರ್ಟ್ಜ್, ಆದರೂ 100ರಿಂದ 240 ವೋಲ್ಟ್, 50/60 ಹರ್ಟ್ಜ್ ಎಂದು ಬೆನ್ನಿನ ಮೇಲೆ ಬರೆದಿರುವ ಮೊಬೈಲ್ ಚಾರ್ಜರಿಗೆ ಅದರಿಂದ ತೊಂದರೆಯಿಲ್ಲ. ಬೇರೆಯಾಗಿರುವುದು ಪಿನ್ನು ಮಾತ್ರ. ನಮ್ಮದು ದುಂಡು ಪಿನ್, ಅಲ್ಲಿಯದು ಬ್ರಿಟಿಷರ ಚೌಕು ಪಿನ್. ಹಾಗಾಗಿ ಕನ್ವರ್ಟರ್, ಸ್ಟೆಬಿಲೈಸರ್ ಎಂದು ಹಣ ಸುರಿಯಬೇಕಿಲ್ಲ. ಒಂದು ಗಟ್ಟಿ ಎಕ್ಸ್‌ಟೆನ್ಷನ್ ಬಾಕ್ಸ್ ತಂದು, ಕಾರ್ಖಾನೆಯ ಎಲೆಕ್ಟ್ರಿಷಿಯನ್ ಗೆಳೆಯನಿಂದಲೇ ಅದರ ತುದಿಗೆ ಒಳಗೆ ಫ್ಯೂಸ್ ಇರುವ ಚೌಕು ಪಿನ್ನಿನ ಪ್ಲಗ್ ಹಾಕಿಸಿ ಕೊಟ್ಟರೆ, ಹಲವರು ಒಟ್ಟಿಗಿರುವ ಕೋಣೆಯಲ್ಲಿ ಮೊದಲ ರಾತ್ರಿಯಿಂದಲೇ ಉಪಯೋಗಕ್ಕೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಕಾಣಿಕೆ ಅಪರೂಪ. ಖರ್ಚು ಕಡಿಮೆ, ಜೊತೆಗೆ ಗೆಳೆಯನ ಕೈಕೆಲಸ ಅದರಲ್ಲಿದೆ.

ಬುತ್ತಿಯ ವಿಷಯ ಸ್ವಲ್ಪ ನಾಜೂಕು. ಮನೆಯ ತಿಂಡಿಯಿಂದ ಯಾರಿಗೆ ಏನು ಕೆಡುಕು ಎನ್ನುತ್ತೇವೆ. ಕರ್ಚಿಕಾಯಿಯ ಹೂರಣಕ್ಕೆ, ಅನಾರಸದ ಮೈಗೆ ಹಾಕುವ ಗಸಗಸೆ ಇಲ್ಲಿ ಮಸಾಲೆ ಡಬ್ಬಿಯ ಸಾಮಾನು. ಯುಎಇ, ಸೌದಿ ಅರೇಬಿಯಗಳಲ್ಲಿ ಅದು ಅಫೀಮು ಗಿಡದ ಬೀಜ, ಮಾದಕ ವಸ್ತುವಿನ ಕಾನೂನಿಗೆ ಒಳಪಟ್ಟ ನಿಷಿದ್ಧ ಮಾಲು. ಒಣಕೊಬ್ಬರಿಯ ಕತೆ ಬೇರೆ. ಎಣ್ಣೆಯಂಶದಿಂದ ತಾನಾಗಿ ಕಾವು ಏರಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿ ಅದು ಇರುವುದರಿಂದ ಲಗೇಜಿನಲ್ಲಿ ಒಯ್ಯುವುದಕ್ಕೆ ತಡೆಯಿದೆ. ಮೆಡಿಕಲ್ ಶಾಪಿನಲ್ಲಿ ಕಟ್ಟಿಸಿಕೊಟ್ಟ ಔಷಧದ ಪೊಟ್ಟಣವೂ ಹೀಗೆಯೇ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ಇರುವ ನೋವಿನ ಗುಳಿಗೆಗೆ ಯುಎಇಯಲ್ಲಿ ಮುಂಚಿತ ಅನುಮತಿ ಬೇಕು. ಪ್ರೀತಿಯಿಂದ ಕೊಟ್ಟಿದ್ದಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಅಲ್ಲಿ ಪೆಟ್ಟಿಗೆ ತೆರೆದು ನಿಂತು ಉತ್ತರ ಕೊಡಬೇಕಾದವನು ಅವನು, ಕೊಟ್ಟ ನಾವಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಿ. ಎರಡೂ ಕೆಡುವುದಿಲ್ಲ, ತೂಕ ಕಡಿಮೆ. ಕಟ್ಟುವಾಗ ಬಟ್ಟೆ ಚೀಲ ಬಳಸಿ. ಕೆನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ.

ಕಲಬುರಗಿಯ ಬಿಸಿಲುಂಡವನಿಗೆ ಯಾವ ಬಿಸಿಲೂ ಲೆಕ್ಕಕ್ಕಿಲ್ಲ ಎಂಬ ಮಾತು ಇದೆಯಲ್ಲ, ಅದು ಅಪಾಯದ ಮಾತು. ನಮ್ಮ ಬೇಸಿಗೆ ಒಣ ಬೇಸಿಗೆ. ಪಾರಾ 43 ದಾಟಿದರೂ ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಕೊಲ್ಲಿಯ ಕರಾವಳಿಯಲ್ಲಿ ಜುಲೈ, ಆಗಸ್ಟ್ ತಿಂಗಳ ಗಾಳಿ ತೇವದಿಂದ ತುಂಬಿರುತ್ತದೆ, ಬೆವರು ಸುರಿಯುತ್ತದೆ, ಆರುವುದಿಲ್ಲ. ಆಗ ಒಳಗಿನ ಕಾವು ಏರುತ್ತಲೇ ಹೋಗುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸ ನಿಲ್ಲಿಸಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ದೊಡ್ಡ ಸ್ಟೀಲ್ ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣ, ಕತ್ತು ಮುಚ್ಚುವ ತೆಳು ಹತ್ತಿ ಬಟ್ಟೆ ಅವನಿಗೆ ಬೇಕಾದವು. ಇನ್ನು ಆಫ್ರಿಕ ಎಂದರೆ ಉರಿಬಿಸಿಲು ಎಂಬುದೂ ಅರ್ಧಸತ್ಯವೇ. ಜಿಂಜಾ ಭೂಮಧ್ಯರೇಖೆಗೆ ಹತ್ತಿರವಿದ್ದರೂ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ರಾತ್ರಿ ತಂಪು. ರಿಯಾದ್‌ನ ಜನವರಿ ರಾತ್ರಿಯಂತೂ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಕಂಬಳಿ ಭಾರ, ಒಂದು ಹಗುರ ಸ್ವೆಟರ್ ಸಾಕು.

ಪೂರ್ವ ಆಫ್ರಿಕಕ್ಕೆ ಹೋಗುವವನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸೊಳ್ಳೆ. ಇಲ್ಲಿ ಕಚ್ಚಿಸಿಕೊಂಡು ಬೆಳೆದವನಿಗೆ ಅಲ್ಲೇನಾದೀತು ಎನ್ನುವುದು ಶುದ್ಧ ತಪ್ಪು. ಅಲ್ಲಿನ ಮಲೇರಿಯಾದಲ್ಲಿ ಬಹುಪಾಲು ಫಾಲ್ಸಿಪಾರಂ ಬಗೆಯದು, ತಡಮಾಡಿದರೆ ಜೀವಕ್ಕೇ ಬರುವಂಥದ್ದು. ಕಲಬುರಗಿಯ ಬಾಲ್ಯ ಅದಕ್ಕೆ ರಕ್ಷೆಯಲ್ಲ. ಕೀಟನಾಶಕ ಲೇಪಿಸಿದ ಸೊಳ್ಳೆಪರದೆ ಮಡಚಿದರೆ ಒಂದು ಟವೆಲಿನಷ್ಟಾಗುತ್ತದೆ. ಯೆಲ್ಲೋ ಫೀವರ್ ಲಸಿಕೆ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು, ಹಾಕಿಸಿಕೊಂಡು ಹತ್ತು ದಿನವಾದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಉಗಾಂಡದಿಂದ ಮರಳಿದರೆ ಭಾರತದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳಬಹುದು. ಅವನ ಒಂದು ಶಿಫ್ಟನ್ನು ತಾನು ಮಾಡಿ ಅವನನ್ನು ಆ ಕೇಂದ್ರಕ್ಕೆ ಕಳಿಸಿಕೊಟ್ಟವನು ದೊಡ್ಡ ಕಾಣಿಕೆಯನ್ನೇ ಕೊಟ್ಟಂತೆ.

ಸೇಫ್ಟಿ ಶೂ, ಹೆಲ್ಮೆಟ್ ಕೊಡಿಸೋಣ ಎನ್ನುವವರೂ ಇದ್ದಾರೆ. ಅವು ಕೆಲಸ ಕೊಟ್ಟವನ ಹೊಣೆ. ಒಂದು ಜೊತೆ ಶೂ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ ಬದಲು ಒಳಗೆ ಹಾಕುವ ಒಳ್ಳೆಯ ಅಟ್ಟೆ, ನಾಲ್ಕು ಜೊತೆ ದಪ್ಪ ಕಾಲುಚೀಲ, ಹಣೆಗೆ ಕಟ್ಟುವ ಟಾರ್ಚ್ ಕೊಡಿ. ಫಿಟ್ಟರನಿಗೆ ಎರಡೂ ಕೈ ಬಿಡುವಾಗಿರಬೇಕು. ತೂಕದ ಬಗ್ಗೆ ಇನ್ನೊಂದು ಮಾತು: ಟಿಕೆಟ್‌ನಲ್ಲಿ 30 ಕಿಲೋ ಎಂದಿದ್ದರೂ, ಮುಂಬೈಯವರೆಗಿನ ದೇಶದೊಳಗಿನ ವಿಮಾನವನ್ನು ಬೇರೆ ಟಿಕೆಟ್‌ನಲ್ಲಿ ಮಾಡಿಸಿದ್ದರೆ ಅದರಲ್ಲಿ ಸಾಮಾನ್ಯವಾಗಿ ಸಿಗುವುದು 15 ಕಿಲೋ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಸನ್ಮಾನದ ಕಳೆ ಏನು ಉಳಿಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಶಾಲು, ಹಾರ, ಗಾಜಿನ ಚೌಕಟ್ಟಿನ ಸ್ಮರಣಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಅವು ಮನೆಯವರ ಕೈಗೆ ಸೇರಲಿ, ಮನೆಯ ಗೋಡೆಯ ಮೇಲಿರಲಿ. ಹಣ ಕೊಡುವುದು ಕೀಳು ಎಂಬ ಸಂಕೋಚವೂ ನಮಗೆ ಹೊಂದುವುದಿಲ್ಲ; ಮದುವೆಯಲ್ಲಿ ಮುಯ್ಯಿ ಓದಿಸುವ ಜನ ನಾವು. ಮೊದಲ ಸಂಬಳ ಬರುವವರೆಗಿನ ತಿಂಗಳು ಕೈ ಬರಿದಾಗಿರುತ್ತದೆ, ಅಧಿಕೃತ ವಿನಿಮಯದಾರರಿಂದ ಕೊಂಡ ಅಲ್ಲಿನ ನಾಣ್ಯದ ಒಂದಿಷ್ಟು ನೋಟು ಆಗ ದೊಡ್ಡ ಆಸರೆ. ಕಾಗದಪತ್ರವೂ ಅಷ್ಟೇ ಮುಖ್ಯ. ಸೆಕ್ಯೂರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿದ ಸುದ್ದಿಯನ್ನು 2024ರಲ್ಲಿ ಎಲ್ಲರೂ ಓದಿದ್ದೇವೆ. ಆದ್ದರಿಂದ ಕರಾರುಪತ್ರವನ್ನು ಬಲ್ಲವರಿಂದ ಓದಿಸುವುದು, ಪಾಸ್‌ಪೋರ್ಟ್, ವೀಸಾ, ಕರಾರಿನ ಎರಡೆರಡು ಜೆರಾಕ್ಸ್ ತೆಗೆಸಿ ಒಂದನ್ನು ಇಲ್ಲೇ ಇಟ್ಟುಕೊಳ್ಳುವುದು ಸಹ ಗೆಳೆಯರ ಕೆಲಸವೇ.

ಮುಂಚೆಯೇ ಕೇಳಿಬಿಟ್ಟರೆ ಕಾಣಿಕೆಯ ಸೊಗಸು ಹೋಗುತ್ತದೆ ಎನ್ನುತ್ತಾರೆ. ಹೋಗಲಿ. ಯಾವ ವಿಮಾನ, ಎಷ್ಟು ಕಿಲೋ, ಹಾಸಿಗೆ ಹೊದಿಕೆ ಕಂಪನಿಯದೇ, ರಾತ್ರಿ ಪಾಳಿ ಇದೆಯೇ ಎಂದು ಎದುರಿಗೆ ಕೂತು ಕೇಳಿ. ನಲವತ್ತೈದು ದಾಟಿದ ಪ್ಯಾನ್‌ಮನ್ ಆಗಿದ್ದರೆ ಅವನು ಕೇಳುವುದು ಬಹುಶಃ ಓದುವ ಕನ್ನಡಕದ ಇನ್ನೊಂದು ಜೊತೆ.