ಇನ್ವರ್ಟರ್ ಬ್ಯಾಟರಿಯ ಸೀಸ ಯಾರ ಮನೆಗೆ ಹೋಗುತ್ತೆ?

ಹೋದ ಬೇಸಿಗೆಯಲ್ಲಿ ನೊಯ್ಡಾದ ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಕೆಟ್ಟುಹೋಯ್ತು. ಅಂಗಡಿಯವರಿಗಿಂತ 300 ರೂಪಾಯಿ ಜಾಸ್ತಿ ಕೊಡ್ತೀನಿ ಅಂದ ಕಬಾಡಿವಾಲಾನಿಗೆ ಕೊಟ್ಟುಬಿಟ್ಟೆ. ಯಾಕೆ ಜಾಸ್ತಿ ಅಂತ ಯೋಚಿಸಲೇ ಇಲ್ಲ.

ನೋಡಿ, ಆ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಮನೆ ಬಾಗಿಲಲ್ಲಿ ಮಾರಿದ್ದು ಎಷ್ಟೋ ಸಲ ಪರವಾನಗಿ ಇಲ್ಲದ ಶೆಡ್ಡಿಗೆ ಹೋಗುತ್ತೆ. ಅಲ್ಲಿ ಸುತ್ತಿಗೆಯಿಂದ ಒಡೆದು, ಆಸಿಡ್ ಚರಂಡಿಗೆ ಸುರಿದು, ಪ್ಲೇಟುಗಳನ್ನು ತೆರೆದ ಕುಲುಮೆಯಲ್ಲಿ ಕರಗಿಸ್ತಾರೆ. ಹೊಗೆ ಶೋಧಿಸುವ ಖರ್ಚೇ ಇಲ್ಲ. ಜಾಸ್ತಿ ಬೆಲೆ ಕೊಡೋಕೆ ಆಗೋದು ಹಾಗೆ.

ಹೊಗೆಯಾದರೂ ಕಣ್ಣಿಗೆ ಕಾಣುತ್ತೆ. ಬಟ್ಟೆ, ಕೂದಲು, ಉಗುರಿನ ಸಂದಿಯಲ್ಲಿ ಕೂತ ಧೂಳು ಕಾಣಲ್ಲ. ಅದೇ ಕೈಯಲ್ಲಿ ರೊಟ್ಟಿ ಮುರಿದರೆ ಕೆಲಸಗಾರನ ಹೊಟ್ಟೆಗೆ, ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಂಡರೆ ಮಗುವಿಗೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರೋದು ಸುಮಾರು ಹತ್ತನೇ ಒಂದು ಭಾಗ. ಚಿಕ್ಕ ಮಕ್ಕಳದ್ದು ಅದರ ನಾಲ್ಕೈದು ಪಟ್ಟು. ಕ್ಯಾಲ್ಸಿಯಂ ಅಂದುಕೊಂಡು ದೇಹ ಅದನ್ನು ಮೂಳೆಯಲ್ಲಿ ದಶಕಗಳ ಕಾಲ ಇಟ್ಟುಕೊಳ್ಳುತ್ತೆ. ಮಕ್ಕಳ ಕಲಿಕೆಗೆ ಆದ ಪೆಟ್ಟು ವಾಪಸ್ ಸರಿಹೋಗಲ್ಲ.

ಕೆಲಸ ಮುಗಿದ ಮೇಲೆ ಅಲ್ಲೇ ಸ್ನಾನ, ಬಟ್ಟೆ ಬದಲಾವಣೆ, ಆಗಾಗ ರಕ್ತಪರೀಕ್ಷೆ: ಇಷ್ಟಿದ್ದರೂ ಎಷ್ಟೋ ಸೀಸ ಮನೆಗೆ ಬರೋದು ತಪ್ಪುತ್ತೆ. ಶೆಡ್ಡಿನಲ್ಲಿ ಇದ್ಯಾವುದೂ ಇರಲ್ಲ.

2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಮುಂದಿನ ಸಲ ನಾನು ಡೀಲರಿಗೇ ಕೊಡ್ತೀನಿ, 300 ಕಮ್ಮಿಯಾದರೂ ಸರಿ.