ಕಣಶೋಧಕಗಳಲ್ಲಿ ಬೆಸುಗೆಯ ಬೊಟ್ಟು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಳೆಯ ಮನೆಗಳಲ್ಲಿ ತಾಮ್ರ ಹಿತ್ತಾಳೆಗಳ ಪಾತ್ರೆಗಳಿಗೆ ಕಾಲಕಾಲಕ್ಕೆ ಕಲಾಯಿ ಹಾಕಿಸುವ ವಾಡಿಕೆಯಿದ್ದುದು ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ ಆಗಿದೆ. ಕಲಾಯಿಯವನು ಪಾತ್ರೆಯನ್ನು ಉಜ್ಜಿ ಕಿಲುಬನ್ನು ತೆಗೆದು, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯನ್ನು ಚೆಲ್ಲಿ, ತವರವನ್ನು ಸೋಕಿಸಿ, ಹತ್ತಿಯಿಂದಲೋ ಬಟ್ಟೆಯಿಂದಲೋ ಬೇಗಬೇಗನೆ ಒರಸುವನು. ಬಿಳಿಯ ಹೊಗೆಯೇಳುವುದು, ತವರವು ಬೆಳ್ಳಿಯಂತೆ ಹೊಳೆಯುತ್ತ ಹರಡಿಕೊಳ್ಳುವುದು. ಕಿಲುಬು ಉಳಿದ ಎಡೆಯಲ್ಲಿ ಮಾತ್ರ ಅದು ಅಂಟದೆ, ತಾವರೆಯೆಲೆಯ ಮೇಲಣ ನೀರಿನಂತೆ ಗುಂಡಾಗಿ ಜಾರಿಹೋಗುವುದು. ಕರಗಿದ ಲೋಹವು ಶುದ್ಧವಾದ ಲೋಹವನ್ನು ಒದ್ದೆಮಾಡುವುದು, ಅಶುದ್ಧವಾದುದನ್ನು ಒದ್ದೆಮಾಡದು ಎಂಬ ಈ ಸಣ್ಣ ತತ್ತ್ವವೇ ಇಂದು ಜಗತ್ತಿನ ಅತಿ ದೊಡ್ಡ ಭೌತಶಾಸ್ತ್ರ ಪ್ರಯೋಗಗಳ ನಡುಮಧ್ಯದಲ್ಲಿ ಕೋಟ್ಯಂತರ ಬಾರಿ ಉಪಯೋಗಕ್ಕೆ ಬಂದಿದೆ. ಅದು ಹೇಗೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರವನ್ನು ಹೇಳುವುದು ಉಚಿತ. 'ಬೆಸೆ' ಎಂಬ ಧಾತುವಿಗೆ 'ಗೆ' ಪ್ರತ್ಯಯವು ಹತ್ತಿ, ಉಡುಗೆ ತೊಡುಗೆಗಳಂತೆ, 'ಬೆಸುಗೆ' ಎಂದಾಗಿದೆ. ಅಕ್ಕಸಾಲೆಯು ಬಿಳಿಗಾರವನ್ನು ಹಾಕಿ ಆಭರಣದ ತುಂಡುಗಳನ್ನು ಕೂಡಿಸುವುದೂ ಬೆಸುಗೆಯೇ, ಇಬ್ಬರ ಮನಸ್ಸು ಕೂಡುವುದೂ ಬೆಸುಗೆಯೇ. ಆದುದರಿಂದ ಇದಕ್ಕೆ ಹೊಸ ಶಬ್ದವನ್ನು ಹುಡುಕಬೇಕಾದುದಿಲ್ಲ. ಒಂದೊಂದು ಬೆಸುಗೆಯ ಸಣ್ಣ ಗುಂಡನ್ನು ಇಲ್ಲಿ 'ಬೊಟ್ಟು' ಎಂದು ಕರೆದಿದ್ದೇವೆ. ಹಣೆಯ ಬೊಟ್ಟಿನಂತೆ ಅದಕ್ಕೂ ಗೊತ್ತಾದ ಒಂದೇ ಸ್ಥಾನವುಂಟು. ಶೋಧಕದ ಅತಿ ಸಣ್ಣ ವಿಭಾಗವಾದ ಪಿಕ್ಸೆಲನ್ನು, ಚದುರಂಗದ ಹಾಸಿನ ಪರಿಭಾಷೆಯಂತೆ, 'ಮನೆ' ಎಂದಿದ್ದೇವೆ. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು 1936ರಲ್ಲಿಯೇ 'ಬಾಲಪ್ರಪಂಚ'ವನ್ನು ಪ್ರಕಟಿಸಿ, ಲೋಕಜ್ಞಾನವನ್ನು ಮಕ್ಕಳಿಗೂ ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟರು. ಆ ದಾರಿಯಲ್ಲಿ ನಡೆಯುವವರಿಗೆ ಮನೆಯ ಮಾತೇ ಮೊದಲನೆಯ ಆಧಾರ.

ಇನ್ನು ವಿಷಯಕ್ಕೆ ಬರೋಣ. ಜಿನೀವಾ ನಗರದ ಬಳಿ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ, 27 ಕಿಲೋಮೀಟರು ಸುತ್ತಳತೆಯ ಸುರಂಗದೊಳಗೆ ಪ್ರೋಟಾನುಗಳನ್ನು ಬೆಳಕಿನ ವೇಗಕ್ಕೆ ತೀರ ಸಮೀಪವಾದ ವೇಗದಿಂದ ಎದುರುಬದುರಾಗಿ ಓಡಿಸಿ ಢಿಕ್ಕಿ ಹೊಡೆಯಿಸುತ್ತಾರೆ. ಕಣಗಳ ಗುಂಪುಗಳು 25 ನ್ಯಾನೋಸೆಕೆಂಡುಗಳಿಗೊಮ್ಮೆ ಒಂದನ್ನೊಂದು ಹಾಯುವುವು. ಢಿಕ್ಕಿಯಿಂದ ಚಿಮ್ಮುವ ಕಣಗಳು ಎಲ್ಲಿ ಹಾದುಹೋದುವೆಂಬುದನ್ನು ಗುರುತಿಸತಕ್ಕ ಸಾಧನವೇ ಕಣಶೋಧಕ. ಸುಮಾರು 300 ಮೈಕ್ರೋಮೀಟರು, ಎಂದರೆ ಮಿಲ್ಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು, ದಪ್ಪದ ಸಿಲಿಕಾನು ಬಿಲ್ಲೆಯನ್ನು ವಿದ್ಯುದಾವಿಷ್ಟ ಕಣವೊಂದು ತೂರಿಹೋದರೆ ಸುಮಾರು 22,000 ಎಲೆಕ್ಟ್ರಾನುಗಳು ಬಿಡುಗಡೆಯಾಗುವುವು. ಬಿಲ್ಲೆಗೆ ವೋಲ್ಟೇಜನ್ನು ಕೊಟ್ಟು ಅವನ್ನು ಒಂದು ಕಡೆಗೆ ಸೆಳೆದು ಎಣಿಸಿದರೆ ಕಣದ ಹೆಜ್ಜೆ ಸಿಕ್ಕಿದಂತಾಯಿತು.

ಇಂತಹ ಬಿಲ್ಲೆಗಳನ್ನು ಮಾಡುವ ಕೆಲಸದಲ್ಲಿ ಕರ್ಣಾಟಕಕ್ಕೂ ಪಾಲುಂಟು. ಸರ್ನಿನ ಸಿ.ಎಂ.ಎಸ್. ಎಂಬ ಪ್ರಯೋಗದಲ್ಲಿ 'ಪ್ರೀಶವರ್' ಎಂಬ ಅಂಗವಿದೆ. ಅದಕ್ಕೆ ಬೇಕಾದ ಸುಮಾರು 4,300 ಬಿಲ್ಲೆಗಳಲ್ಲಿ ಸುಮಾರು 1,000 ಬಿಲ್ಲೆಗಳನ್ನು ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ಸಹಯೋಗದೊಡನೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ತಯಾರಿಸಿಕೊಟ್ಟಿತು. ಒಂದೊಂದು ಬಿಲ್ಲೆಯೂ 63 ಮಿಲ್ಲಿಮೀಟರು ಚೌಕ, 320 ಮೈಕ್ರೋಮೀಟರು ದಪ್ಪ. ಅದರ ಮೇಲೆ 1.9 ಮಿಲ್ಲಿಮೀಟರಿಗೊಂದರಂತೆ 32 ಪಟ್ಟಿಗಳು. ಈ ಅಂಗವು 2009ರಲ್ಲಿ ಪ್ರಯೋಗದಲ್ಲಿ ಸ್ಥಾಪಿತವಾಯಿತು. ಇಲ್ಲಿ ಪಟ್ಟಿಗಳು ಅಗಲವಾಗಿವೆ, ಎಣಿಕೆಯೂ ಅಲ್ಪ. ಆದುದರಿಂದ ಬಿಲ್ಲೆಯ ಅಂಚಿನಲ್ಲಿ ಪಟ್ಟಿಗೊಂದು ಕೂದಲೆಳೆಯಂತಹ ತಂತಿಯನ್ನು ಕೂಡಿಸಿ ಎಣಿಸುವ ಚಿಪ್ಪಿಗೆ ಒಯ್ಯುವುದು ಸಾಧ್ಯವಾಯಿತು.

ಪ್ರೀಶವರ್ ಇರುವುದು ಢಿಕ್ಕಿಯ ಸ್ಥಾನದಿಂದ ಸುಮಾರು 3 ಮೀಟರು ದೂರದಲ್ಲಿ. ಢಿಕ್ಕಿಯ ಮಗ್ಗುಲಿಗೇ, ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ, ನಿಲ್ಲಬೇಕಾದ ಶೋಧಕದ ಪಾಡು ಬೇರೆ. ಅಲ್ಲಿ ಕಣಗಳ ಸಂದಣಿ ವಿಪರೀತವಾದುದರಿಂದ ಅಗಲವಾದ ಪಟ್ಟಿಯೊಂದರ ಮೇಲೆ ಏಕಕಾಲಕ್ಕೆ ಹಲವು ಹೆಜ್ಜೆಗಳು ಬಿದ್ದು, ಯಾವುದು ಯಾವುದೆಂಬ ವಿವೇಚನೆಯೇ ಕೆಡುವುದು. ಅದಕ್ಕಾಗಿ ಬಿಲ್ಲೆಯನ್ನು ಉದ್ದಗಲಗಳೆರಡರಲ್ಲಿಯೂ ಸಣ್ಣ ಮನೆಗಳನ್ನಾಗಿ ವಿಂಗಡಿಸುತ್ತಾರೆ. ಸಿ.ಎಂ.ಎಸ್. ಪ್ರಯೋಗದ ಮೊದಲಿನ ಪಿಕ್ಸೆಲ್ ಶೋಧಕದಲ್ಲಿ ಒಂದೊಂದು ಮನೆಯ ಅಳತೆ 100 ಮತ್ತು 150 ಮೈಕ್ರೋಮೀಟರು. ಒಟ್ಟು ಮನೆಗಳು 6 ಕೋಟಿ 60 ಲಕ್ಷ. 2017ರಲ್ಲಿ ಅದರ ಸ್ಥಾನದಲ್ಲಿ ಇರಿಸಿದ ಶೋಧಕದಲ್ಲಿ 12 ಕೋಟಿ 40 ಲಕ್ಷ. ಹಾಸಿನ ನಡುವಣ ಮನೆಗೆ ಅಂಚಿನಿಂದ ತಂತಿಯನ್ನು ಎಳೆಯುವುದೆಂತು? ದಾರಿಯಿಲ್ಲ. ಆದುದರಿಂದ ಎಣಿಸುವ ಚಿಪ್ಪನ್ನೂ ಅದೇ ಅಳತೆಯ ಮನೆಗಳಾಗಿ ರಚಿಸಿ, ಕನ್ನಡಿಯ ಬಿಂಬದಂತೆ ಬಿಲ್ಲೆಯ ಮೇಲೆ ಮಗುಚಿ ಹಾಕಿ, ಮನೆಗೂ ಮನೆಗೂ ನಡುವೆ ಒಂದೊಂದು ಬೆಸುಗೆಯ ಬೊಟ್ಟನ್ನು ಇಡುವುದೇ ಉಪಾಯ. ಚಿಪ್ಪನ್ನು ಮಗುಚಿ ಬೆಸೆಯುವ ಈ ಪದ್ಧತಿಯನ್ನು 1960ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಗಣಕಯಂತ್ರಗಳಿಗಾಗಿ ಬಳಕೆಗೆ ತಂದಿತ್ತು.

ಬೊಟ್ಟನ್ನು ಇಡುವ ಕ್ರಮದಲ್ಲಿ ಕಲಾಯಿಯ ನಾಲ್ಕು ಕಾರ್ಯಗಳೂ ಕಾಣುತ್ತವೆ. ಚಿಪ್ಪಿನ ಮೇಲಣ ಅಲ್ಯುಮಿನಿಯಂ ತಾಣಕ್ಕೆ ಬೆಸುಗೆಯು ಅಂಟದು. ಗಾಳಿ ಸೋಕಿದೊಡನೆಯೇ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟುವುದು. ಅದಕ್ಕಾಗಿ ಆ ಪೊರೆಯನ್ನು ತೆಗೆದು, ತಾಣದ ಮೇಲೆ ಟೈಟಾನಿಯಂ, ತಾಮ್ರ, ನಿಕ್ಕಲು ಮುಂತಾದ ಲೋಹಗಳ ತೆಳುವಾದ ಪದರಗಳನ್ನು ಹಾಸುತ್ತಾರೆ. ಇದು ಉಜ್ಜುವ ಕಾರ್ಯಕ್ಕೆ ಸಮ. ಬೆಳಕಿನಿಂದ ಬದಲಾಗುವ ಒಂದು ಅಂಟನ್ನು ಮೇಲೆ ಬಳಿದು, ಗೊತ್ತಾದ ಸ್ಥಾನಗಳಲ್ಲಿ ಮಾತ್ರ ರಂಧ್ರಗಳನ್ನು ತೆರೆದು, ಅವುಗಳೊಳಗೆ ವಿದ್ಯುತ್ತಿನ ಸಹಾಯದಿಂದ ಬೆಸುಗೆಯ ಲೋಹವನ್ನು ತುಂಬುವರು. ಇದು ತವರವನ್ನು ಸೋಕಿಸಿದಂತೆ. ಬಳಿಕ ಕಾಯಿಸುವ ಕಾರ್ಯ. ತವರ ಸೀಸಗಳ ಮಿಶ್ರಣವು 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೂ, ತವರಕ್ಕೆ ಸ್ವಲ್ಪ ಬೆಳ್ಳಿಯನ್ನು ಕೂಡಿಸಿದ ಮಿಶ್ರಣವು 221 ಡಿಗ್ರಿಯಲ್ಲಿಯೂ ಕರಗುವುದು. ನವಸಾಗರದ ಸ್ಥಾನದಲ್ಲಿ ಕೆಲವೆಡೆ ಫಾರ್ಮಿಕ್ ಆಮ್ಲದ ಆವಿಯನ್ನು ಹಾಯಿಸುತ್ತಾರೆ. ಕೆಂಪಿರುವೆಯಲ್ಲಿರುವ ಹುಳಿಯೇ ಇದು. ಕರಗಿದ ಲೋಹವು ಮೇಲ್ಮೈ ಸೆಳೆತದಿಂದ ತಾನಾಗಿಯೇ ಗುಂಡಾಗುವುದು. ಮಗುಚಿದ ಚಿಪ್ಪು ಕೆಲವು ಮೈಕ್ರೋಮೀಟರುಗಳಷ್ಟು ಓರೆಯಾಗಿ ಕುಳಿತಿದ್ದರೂ ಸಾವಿರಾರು ಬೊಟ್ಟುಗಳು ಒಟ್ಟಾಗಿ ಅದನ್ನು ಸರಿಯಾದ ಸ್ಥಾನಕ್ಕೆ ಎಳೆದುಕೊಳ್ಳುವುವು. ಮನುಷ್ಯನ ಕೈಗೆ ನಿಲುಕದ ನಯವನ್ನು ಲೋಹದ ಸ್ವಭಾವವೇ ಸಾಧಿಸಿಕೊಡುವುದು. ಇಂಡಿಯಂ ಎಂಬ ಮೆದು ಲೋಹದಿಂದ ಬೊಟ್ಟುಗಳನ್ನು ಮಾಡುವ ಇನ್ನೊಂದು ಸಂಪ್ರದಾಯವೂ ಉಂಟು. ಅದು 157 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದು.

ಇಷ್ಟು ಕಷ್ಟಪಟ್ಟು ಎರಡನ್ನು ಬೆಸೆಯುವುದೇಕೆ, ಬಿಲ್ಲೆಯನ್ನೂ ಚಿಪ್ಪನ್ನೂ ಒಂದೇ ಆಗಿ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಹಾಗೆ ಮಾಡಿದ ಶೋಧಕಗಳೂ ಉಂಟು. ಆದರೆ ವಿಕಿರಣವು ಅತ್ಯುಗ್ರವಾಗಿರುವ ಒಳಪದರಗಳಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬಲಪಡಿಸುವುದೇ ಹಿತವೆಂದು ಕಂಡುಬಂದಿದೆ. ಕಣಗಳ ಹೊಡೆತಕ್ಕೆ ಬಿಲ್ಲೆಯೊಳಗಿನ ಸಿಲಿಕಾನು ಪರಮಾಣುಗಳು ಸ್ಥಾನಭ್ರಷ್ಟವಾಗುವುವು. ಸೋರುವ ವಿದ್ಯುತ್ತು ಹೆಚ್ಚುವುದು. ಎಲೆಕ್ಟ್ರಾನುಗಳು ದಾರಿಯಲ್ಲಿಯೇ ಸಿಕ್ಕಿಬೀಳುವುವು. ಅದಕ್ಕೆ ಅತಿಶುದ್ಧವಾದ ಸಿಲಿಕಾನೂ ಹೆಚ್ಚಿನ ವೋಲ್ಟೇಜೂ ಬೇಕು. ಚಿಪ್ಪಿಗಾದರೋ ವಿಕಿರಣವು ಅದರ ಆಕ್ಸೈಡ್ ಪದರಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿಸಿ ಕೆಡುಕು ಮಾಡುವುದು. ಅದಕ್ಕೆ ತೆಳುವಾದ ಆಕ್ಸೈಡುಳ್ಳ ಸೂಕ್ಷ್ಮರಚನೆ ಬೇಕು. ಎರಡರ ರೋಗವೂ ಬೇರೆ, ಮದ್ದೂ ಬೇರೆ. ಬೊಟ್ಟು ನಡುವೆ ನಿಂತುದರಿಂದಲೇ ಒಂದೊಂದಕ್ಕೂ ತಕ್ಕ ಮದ್ದು ದೊರೆಯಿತು.

ಆದರೆ ಆ ಮದ್ದಿನ ಬೆಲೆಯನ್ನು ತೆರಬೇಕಾದುದು ಬೊಟ್ಟೇ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಲೋಹವಾದುದರಿಂದ ಬೊಟ್ಟಿಗೆ ವಿಕಿರಣದಿಂದ ನೇರವಾಗಿ ಒದಗುವ ಹಾನಿ ಅಲ್ಪ. ಅದಕ್ಕೆ ಒದಗುವ ಕಷ್ಟವೆಲ್ಲ ಮದ್ದಿನಿಂದಲೇ. ಸೋರಿಕೆಯನ್ನು ತಡೆಯಲು ಶೋಧಕವನ್ನು ದ್ರವರೂಪದ ಇಂಗಾಲದ ಡೈಆಕ್ಸೈಡಿನಿಂದ ಸೊನ್ನೆಗಿಂತ 20 ಡಿಗ್ರಿ ಕೆಳಗಿನವರೆಗೂ ತಣಿಸುತ್ತಾರೆ. ಬಿಲ್ಲೆ, ಚಿಪ್ಪು ಎರಡೂ ಸಿಲಿಕಾನೇ ಆದುದರಿಂದ ಅವು ಸಮನಾಗಿ ಕುಗ್ಗಿದರೂ, ಅವಕ್ಕೆ ಅಂಟಿಸಿದ ಇತರ ಪದಾರ್ಥಗಳು ಬೇರೆ ಪ್ರಮಾಣದಲ್ಲಿ ಕುಗ್ಗಿ ಬೊಟ್ಟುಗಳನ್ನು ಜಗ್ಗುವುವು. ತಣಿಯುವುದೂ ಬೆಚ್ಚಗಾಗುವುದೂ ಮರಳಿ ಮರಳಿ ನಡೆದರೆ ಬೆಸುಗೆಯು ದಣಿಯುವುದು. ಕಣಗಳ ದಾರಿಗೆ ಅಡ್ಡಿಯಾಗದಿರಲೆಂದು ಚಿಪ್ಪನ್ನು ಸುಮಾರು 150 ಮೈಕ್ರೋಮೀಟರಿಗೆ ತೆಳುವಾಗಿಸಿದರೆ, ಕಾಯಿಸುವಾಗ ಅದು ಒಣಗಿದ ಬಾಳೆಲೆಯಂತೆ ಬಾಗಿ, ಮೂಲೆಗಳ ಬೊಟ್ಟುಗಳು ಕೂಡದೆ ಉಳಿಯುವ ಭಯವುಂಟು. ವೋಲ್ಟೇಜು ನೂರಾರು ವೋಲ್ಟುಗಳಿಗೆ ಏರಿದಾಗ, ಬೊಟ್ಟಿನ ಎತ್ತರದಷ್ಟೇ ಇರುವ ಕಿರಿದಾದ ಸಂದಿನಲ್ಲಿ ಕಿಡಿ ಹಾರದಂತೆ ನೋಡಿಕೊಳ್ಳಬೇಕು.

ಒಮ್ಮೆ ಬೆಸೆದ ಮೇಲೆ ಒಳಗಿನ ಒಂದು ಬೊಟ್ಟನ್ನು ತೆಗೆದು ಸರಿಪಡಿಸುವ ಮಾರ್ಗವಿಲ್ಲ. ಆದುದರಿಂದ ಪರೀಕ್ಷೆಯೇ ಪ್ರಧಾನ. ಅದರಲ್ಲಿ ಒಂದು ಸ್ವಾರಸ್ಯವುಂಟು. ಬಿಲ್ಲೆಗೆ ಕೂಡಿದ ಮನೆಯಲ್ಲಿ ಯಾವಾಗಲೂ ಸ್ವಲ್ಪ ವಿದ್ಯುತ್ತಿನ ಗದ್ದಲವಿರುವುದು. ಕೂಡದ ಮನೆಯು ಹೆಚ್ಚು ನಿಶ್ಶಬ್ದವಾಗಿರುವುದು. ಆ ಮೌನದಿಂದಲೇ ದೋಷವು ಗೊತ್ತಾಗುವುದು. ಕ್ಷ-ಕಿರಣಗಳನ್ನು ಹಾಯಿಸಿಯೂ, ವಿಕಿರಣ ಪದಾರ್ಥವನ್ನು ಎದುರಿಗಿಟ್ಟು ಕುರುಡು ಮನೆಗಳನ್ನು ಗುರುತಿಸಿಯೂ ನಿರ್ಣಯವನ್ನು ದೃಢಪಡಿಸಿಕೊಳ್ಳುವರು.

ಸರ್ನಿನ ಮುಂದಿನ ಹಂತಕ್ಕಾಗಿ ಸಿದ್ಧವಾಗುತ್ತಿರುವ ಶೋಧಕಗಳಲ್ಲಿ ಬೊಟ್ಟಿನಿಂದ ಬೊಟ್ಟಿಗೆ 50 ಮೈಕ್ರೋಮೀಟರು ಮಾತ್ರ ಅಂತರ. ಅಟ್ಲಾಸ್ ಎಂಬ ಪ್ರಯೋಗದ ಹೊಸ ಚಿಪ್ಪಿನಲ್ಲಿ 400 ಸಾಲು, 384 ಸಾಲುಗಳ ಹಾಸು. ಎರಡು ಸೆಂಟಿಮೀಟರು ಚೌಕದಷ್ಟು ಸ್ಥಳದಲ್ಲಿ 1,53,600 ಬೊಟ್ಟುಗಳು. ಅತ್ಯಂತ ಒಳಗಿನ ಪದರವು ಚದರ ಸೆಂಟಿಮೀಟರಿಗೆ, 1ರ ಮುಂದೆ 16 ಸೊನ್ನೆಗಳನ್ನು ಬರೆದರಾಗುವ ಸಂಖ್ಯೆಯನ್ನೂ ಮೀರಿದ, ಕಣಗಳ ಹೊಡೆತವನ್ನು ತಾಳಬೇಕು. ಬೆಂಗಳೂರಿನಲ್ಲಿ 32 ಪಟ್ಟಿಗಳ ಬಿಲ್ಲೆಯನ್ನು ಸಾವಿರದ ಲೆಕ್ಕದಲ್ಲಿ ಮಾಡಿದ ಅನುಭವಕ್ಕೂ ಈ ಹೊಸ ಬೆಸುಗೆಗೂ ನಡುವೆ ದೂರವು ಬಹಳ. ಆದರೂ ಆ ಅನುಭವವು ಅತಿಶುದ್ಧ ಸಿಲಿಕಾನನ್ನು ಒಂದೇ ಗುಣಮಟ್ಟದಿಂದ ಸಿದ್ಧಪಡಿಸುವ ಶಿಸ್ತನ್ನು ಇಲ್ಲಿ ನೆಲೆಗೊಳಿಸಿತೆಂಬುದು ಸಣ್ಣ ಲಾಭವಲ್ಲ.

ಸಾರಾಂಶವಿಷ್ಟು: ಶೋಧಕದ ತಾಳಿಕೆಯನ್ನು ಬಿಲ್ಲೆಯ ಗುಣದಿಂದಾಗಲಿ ಚಿಪ್ಪಿನ ಗುಣದಿಂದಾಗಲಿ ಮಾತ್ರ ಅಳೆಯಲಾಗದು, ಎರಡರ ನಡುವಣ ಬೆಸುಗೆಯ ಗುಣವನ್ನೂ ಕೂಡಿಸಿಯೇ ಅಳೆಯಬೇಕು. ಕಿಲುಬು ಉಳಿದೆಡೆ ತವರ ನಿಲ್ಲದೆಂದು ಕಲಾಯಿಯವನು ಅರಿತಿದ್ದನು. ಪಾತ್ರೆಯಲ್ಲಿ ಅಂತಹ ಕಲೆಯೊಂದು ಉಳಿದರೆ ಮನೆಯೊಡತಿ ಅವನನ್ನು ಮರಳಿ ಕರೆಯಿಸಬಹುದಾಗಿತ್ತು. ಢಿಕ್ಕಿಯ ಮಗ್ಗುಲಲ್ಲಿ ಮುಚ್ಚಿಟ್ಟ ಶೋಧಕದಲ್ಲಿ ಹಾಗೆ ಕರೆಯಿಸುವಂತಿಲ್ಲ. ಕೂಡದೆ ಉಳಿದ ಒಂದು ಬೊಟ್ಟು ಎಂದರೆ, ಆ ಶೋಧಕದ ಆಯುಷ್ಯವಿರುವವರೆಗೂ ಏನನ್ನೂ ಕಾಣದ ಒಂದು ಮನೆ.